ಗೂಡಿನೊಳಗಿನ ಗುಳಗಿ: ಕಾಗಿಣಾ ದಂಡೆಯ ಒಂದು ಊರಿನ ಪ್ರಕರಣ

ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ವಿಭೂತಿ ಗಟ್ಟಿ, ಬೆಂಕಿಪೊಟ್ಟಣ, ಹಲ್ಲು ಮುರಿದ ಬಾಚಣಿಗೆ. ಅವುಗಳ ಹಿಂದೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿಟ್ಟ ಒಂದು ಪುಡಿಕೆ. ಮನೆಯ ಹಿರಿಯಾಕೆ ಅದನ್ನು ತೆಗೆದು ಬಿಚ್ಚಿ ನನ್ನ ಅಂಗೈಗೆ ಸುರಿದರು. ಬಿಳಿ ಗುಳಿಗೆಗಳು. ಕೆಲವು ಆ ವಾರ ಕೊಟ್ಟವು, ಇನ್ನು ಕೆಲವು ಹಳದಿಗೆ ತಿರುಗಿ ಅಂಚು ಪುಡಿಯಾದವು.

"ವರ್ಷಾ ಕೊಡ್ತಾರ್ರೀ ಅಕ್ಕೋರೆ. ಸರಕಾರದ್ದು, ಒಗೀಬಾರ್ದು ಅಂತ ಇಟ್ಟೀನಿ" ಅಂದರು. ಮುಖದಲ್ಲಿ ಅಳುಕಿರಲಿಲ್ಲ. ಜೋಪಾನ ಮಾಡಿದ್ದಕ್ಕೆ ನಾನು ಮೆಚ್ಚಿಕೊಳ್ಳುತ್ತೇನೆ ಎಂದೇ ಅವರು ಅಂದುಕೊಂಡಿದ್ದರು.

ಅದೇ ದಿನ ಬೆಳಿಗ್ಗೆ ಆ ಓಣಿಯ ಪಟ್ಟಿಯನ್ನು ನಾನು ನೋಡಿದ್ದೆ. ಈ ಮನೆಯ ಆರೂ ಮಂದಿಯ ಹೆಸರಿನ ಮುಂದೆ ಸರಿ ಗುರುತು ಬಿದ್ದಿತ್ತು. ಕಾಗದದ ಪ್ರಕಾರ ಎಲ್ಲರೂ ಆನೆಕಾಲು ರೋಗದ ಗುಳಿಗೆ ನುಂಗಿದ್ದರು. ನುಂಗಬೇಕಾದ ಗುಳಿಗೆಗಳು ನನ್ನ ಅಂಗೈಯಲ್ಲಿದ್ದವು.

ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ. ಇದು ಹತ್ತು ವರ್ಷಕ್ಕೂ ಹಿಂದಿನ ಮಾತು, ಆಗಿನ್ನೂ ಊರಿನ ಬೋರ್ಡುಗಳಲ್ಲಿ ಗುಲ್ಬರ್ಗ ಎಂದೇ ಇತ್ತು. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ ಘಟಕದ ಹೊಣೆ ನನ್ನ ಮೇಲಿತ್ತು. ಏಳು ದಿನದ ವಿಶೇಷ ಶಿಬಿರಕ್ಕೆ ಆ ವರ್ಷ ಚಿತ್ತಾಪುರ ತಾಲ್ಲೂಕಿನ, ಕಾಗಿಣಾ ನದಿಗೆ ಹತ್ತಿರದ ಒಂದು ಊರು ಆರಿಸಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಈ ಬೇನೆಯಿಂದ ಹೆಣ್ಣು ಕೊಡುವ, ತರುವ ಮಾತು ಮುರಿದುಬೀಳುತ್ತವೆ. ಹೆಸರು ಬರೆದು ಆ ಊರಿನ ಮಕ್ಕಳಿಗೆ ಕೆಡುಕು ಮಾಡಲಾರೆ.

ಊರು ಆರಿಸುವಾಗಲೇ ಒಂದು ಸೂಚನೆ ಸಿಕ್ಕಿತ್ತು, ನಾನು ಹಿಡಿಯಲಿಲ್ಲ. ದಿನಾ ಬಸ್ಸಿನಲ್ಲಿ ಬಂದುಹೋಗುವ, ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನಮ್ಮೂರು ಬ್ಯಾಡ್ರಿ" ಅಂದಿದ್ದಳು. ಯಾಕೆ ಎಂದು ಕೇಳಿದರೆ ಸುಮ್ಮನಿದ್ದಳು. ತಮ್ಮೂರಿಗೆ ಗೆಳತಿಯರು ಬಂದರೆ ನಾಚಿಕೆ ಇರಬೇಕು ಎಂದುಕೊಂಡು ನಾನು ಮುಂದೆ ಕೇಳಲಿಲ್ಲ.

ನಾವು ಹೇಳಿದ್ದು, ಊರು ಕೇಳಿದ್ದು

ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳು ರಾಜ್ಯದ ಆನೆಕಾಲು ರೋಗದ ನಕ್ಷೆಯಲ್ಲಿ ಹಳೆಯವು. ದೇಶದಲ್ಲಿ ಫೈಲೇರಿಯಾ, ಅಂದರೆ ಇದೇ ಆನೆಕಾಲು ರೋಗದ ನಿಯಂತ್ರಣದ ಕೆಲಸ 1955ರಲ್ಲೇ ಶುರುವಾಯಿತು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಗುಳಿಗೆ ಕೊಡುವ ಪದ್ಧತಿ ಬಂತು. ಆಗಿನ ಲೆಕ್ಕದಲ್ಲಿ, ಆನೆಕಾಲಿನ ಹುಳ ಕೊಲ್ಲುವ ಡಿಇಸಿ ಗುಳಿಗೆ ಎರಡರಿಂದ ಐದು ವರ್ಷದ ಮಕ್ಕಳಿಗೆ ಒಂದು, ಆರರಿಂದ ಹದಿನಾಲ್ಕರವರಿಗೆ ಎರಡು, ಅದರ ಮೇಲಿನವರಿಗೆ ಮೂರು. ಜೊತೆಗೆ ಜಗಿದು ತಿನ್ನುವ ಜಂತುಹುಳದ ಗುಳಿಗೆ ಆಲ್ಬೆಂಡಜೋಲ್ ಒಂದು. ಎರಡು ವರ್ಷದೊಳಗಿನ ಕೂಸು, ಬಸಿರಿ, ತೀರಾ ಕಾಯಿಲೆ ಬಿದ್ದವರು ಇವರಿಗೆ ಇಲ್ಲ. ಹಸಿದ ಹೊಟ್ಟೆಯಲ್ಲಿ ತಗೊಳ್ಳಬಾರದು. ಕೊಡುವವರ ಕಣ್ಣೆದುರೇ ನುಂಗಬೇಕು. ಪ್ರಕರಣದ ಗಂಟು ಈ ಕೊನೆಯ ಎರಡು ನಿಯಮಗಳಲ್ಲಿತ್ತು.

ಶಿಬಿರದ ಮೊದಲೆರಡು ದಿನ ನಾವು ಮಾಡಿದ್ದು ಎಲ್ಲ ಶಿಬಿರದವರೂ ಮಾಡುವುದನ್ನೇ. ಅಗಸಿಯಿಂದ ಹನುಮಂತ ದೇವರ ಗುಡಿಯವರೆಗೆ ಫಲಕ ಹಿಡಿದು ಜಾಥಾ. ಸಂಜೆ ಶಾಲೆಯ ಅಂಗಳದಲ್ಲಿ ನನ್ನ ಉಪನ್ಯಾಸ. ಗೋಡೆಗೆ ಈ ರೋಗ ತರುವ ಹುಳ ವುಚೆರೇರಿಯಾ ಬ್ಯಾಂಕ್ರಾಫ್ಟಿಯ ಜೀವನಚಕ್ರದ ದೊಡ್ಡ ಚಿತ್ರ ತೂಗುಹಾಕಿ, ದುಗ್ಧರಸನಾಳ, ಲಾರ್ವಾದ ಮೂರನೇ ಹಂತ, ಸೊಳ್ಳೆಯ ಎದೆಯ ಸ್ನಾಯು ಎಂದು ಕೋಲು ತೋರಿಸುತ್ತ ಮುಕ್ಕಾಲು ಗಂಟೆ ಹೇಳಿದೆ. ಜನ ಮರ್ಯಾದೆಗೆ ಕೂತು ಕೇಳಿದರು. ಕೊನೆಗೆ ಕಟ್ಟೆಯ ಮೇಲಿದ್ದ ಒಬ್ಬ ಮುತ್ಯಾ ಒಂದೇ ಪ್ರಶ್ನೆ ಕೇಳಿದರು:

"ಅಕ್ಕೋರೆ, ಕಾಲು ಬಾತವರಿಗೆ ಕೊಡ್ರಿ ಗುಳಗಿ. ನಮ್ಮ ಕಾಲು ಚಲೋ ಅವ. ನಮಗ್ಯಾಕ?"

ನಾನು ಉತ್ತರ ಕೊಟ್ಟೆ. "ಮುಂಜಾಗ್ರತೆ" ಅಂದೆ. ಆ ಮಾತಿಗೆ ಯಾರ ಮುಖವೂ ಬದಲಾಗಲಿಲ್ಲ, ಬದಲಾಗಲು ಕಾರಣವೂ ಇರಲಿಲ್ಲ. ಅವರ ಪ್ರಶ್ನೆ ಸರಿಯಾಗಿತ್ತು. ಜ್ವರ ಬಂದವನಿಗೆ ಜ್ವರದ ಗುಳಿಗೆ, ಕಣ್ಣು ಕೆಂಪಾದವನಿಗೆ ಕಣ್ಣಿನ ಔಷಧಿ. ಆನೆಕಾಲಿಗೆ ಮಾತ್ರ ಕಾಲು ನೆಟ್ಟಗಿದ್ದವನೂ ಯಾಕೆ ನುಂಗಬೇಕು? ಇದಕ್ಕೆ ಜೀವಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ಅದು ನನಗೆ ಗೊತ್ತಿತ್ತು. ಹತ್ತು ಅಂಕದ ಪ್ರಶ್ನೆಗೆ ಬರೆಸುವಷ್ಟು ಗೊತ್ತಿತ್ತು. ಕಟ್ಟೆಯ ಮುಂದೆ ಮಾತ್ರ ಅದು ನನ್ನ ಬಾಯಿಗೆ ಬರಲಿಲ್ಲ.

ಮೂರನೇ ದಿನ ಉಪನ್ಯಾಸ ಬಿಟ್ಟು ಮನೆಮನೆಗೆ ಹೋಗಿ ಕೂತೆವು. ಗೂಡಿನ ಪುಡಿಕೆ ಸಿಕ್ಕಿದ್ದು ಆಗ. ಒಂದು ಮನೆಯಲ್ಲಿ ಸಿಕ್ಕಮೇಲೆ ಕೇಳುವ ರೀತಿ ಬದಲಿಸಿದೆವು. "ನುಂಗಿದಿರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಿದ್ದರು. "ಎಲ್ಲಿಟ್ಟೀರಿ, ತೋರಸ್ರಿ" ಎಂದು ಕೇಳಿದಾಗ ಹಿಟ್ಟಿನ ಡಬ್ಬಿಯ ಹಿಂದಿನಿಂದ, ದೇವರ ಜಗಲಿಯಿಂದ, ತಲೆದಿಂಬಿನ ಕೆಳಗಿನಿಂದ ಗುಳಿಗೆಗಳು ಹೊರಬಂದವು. ಒಂದು ಮನೆಯಲ್ಲಿ ಕೋಳಿಗೆ ಹಾಕಿದ್ದೇವೆ ಎಂದರು. ಕೋಳಿ ಚೆನ್ನಾಗಿತ್ತು.

ಪಟ್ಟಿ ಬರೆದವರನ್ನು ಮೊದಲು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಅವರೊಂದಿಗೆ ಒಂದು ಹಗಲು ತಿರುಗಿದೆ. ಹತ್ತಿ ಬಿಡಿಸುವ ಕಾಲ. ಬೆಳಿಗ್ಗೆ ಏಳಕ್ಕೆಲ್ಲ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಾರೆ. ಹತ್ತು ಗಂಟೆಗೆ ಗುಳಿಗೆ ಹಿಡಿದು ಹೋದರೆ ಮನೆಯಲ್ಲಿ ಮುದುಕರು, ಕೂಸುಗಳು. ಆರು ಜನರ ಗುಳಿಗೆ ಒಬ್ಬ ಆಯಿಯ ಕೈಗೆ ಕೊಟ್ಟು ಮುಂದಿನ ಮನೆ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು. ಪಟ್ಟಿಯಲ್ಲಿ ಇರುವುದು ಒಂದೇ ಖಾನೆ: ಕೊಟ್ಟದ್ದೂ ಅದೇ, ನುಂಗಿದ್ದೂ ಅದೇ. ಪಟ್ಟಿ ಬರೆದಾಕೆ ಸುಳ್ಳು ಬರೆದಿರಲಿಲ್ಲ. ಕೊಟ್ಟಿದ್ದರು.

ಇನ್ನು ನುಂಗದಿರಲು ಕಾರಣ. ನಾವು ಕಾಲೇಜಿನಿಂದ ಹೊರಡುವಾಗ ಅಜ್ಞಾನ, ಮೂಢನಂಬಿಕೆ ಎಂಬ ಎರಡು ಪದ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆವು. ಹೆಂಗಸರು ಹೇಳಿದ್ದು ಬೇರೆ. "ಹೋದ ವರ್ಷ ನುಂಗಿದ್ದೆ. ಮರುದಿನ ಚಕ್ಕರ್ ಬಂತು, ಜರ ಬಂತು. ಎರಡು ದಿನದ ಕೂಲಿ ಹೋತು. ಯಾರು ಕೊಡ್ತಾರ್ರೀ ಅದನ್ನ?" ಒಬ್ಬಾಕೆಯ ಮಾತಲ್ಲ, ಓಣಿಯುದ್ದಕ್ಕೂ ಇದೇ ಮಾತು. ಬೆಳಿಗ್ಗೆ ಚಹಾ ಒಂದೇ ಕುಡಿದು, ಹೊಲದ ಹಾದಿಯಲ್ಲಿ ಮೂರು ಡಿಇಸಿ ನುಂಗಿ ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಅವರು ಲೆಕ್ಕ ಹಾಕಿಯೇ ಗುಳಿಗೆ ಗೂಡಿಗೆ ಸೇರಿಸಿದ್ದರು.

ರಾತ್ರಿ ಹನ್ನೊಂದರ ರಕ್ತ

ಮುತ್ಯಾನ ಪ್ರಶ್ನೆಗೆ ಉತ್ತರ ಈ ಹುಳದ ದಿನಚರಿಯಲ್ಲಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ದೊಡ್ಡ ಹುಳ ಮನುಷ್ಯನ ದುಗ್ಧರಸನಾಳದಲ್ಲಿ, ಅಂದರೆ ಮೈಯೊಳಗಿನ ತಿಳಿದ್ರವ ಸಾಗಿಸುವ ನಾಳದಲ್ಲಿ, ಮನೆ ಮಾಡಿರುತ್ತದೆ. ಹೆಣ್ಣು ಎಂಟರಿಂದ ಹತ್ತು ಸೆಂಟಿಮೀಟರ್ ಉದ್ದದ ಬಿಳಿ ನೂಲಿನಂಥದ್ದು, ಗಂಡು ಅದರ ಅರ್ಧಕ್ಕೂ ಕಡಿಮೆ. ವರ್ಷಗಟ್ಟಲೆ ಬದುಕುತ್ತದೆ, ಮರಿ ಹಾಕುತ್ತಲೇ ಇರುತ್ತದೆ. ಆ ಮರಿಗಳೇ ಮೈಕ್ರೋಫೈಲೇರಿಯಾ, ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು. ಹಗಲು ಇವು ಪುಪ್ಪುಸದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಹತ್ತರಿಂದ ಎರಡರ ಸುಮಾರಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಗಟಾರದ ಕೊಳೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಅದೇ ಹೊತ್ತಿಗೆ. ಸೊಳ್ಳೆಯ ಮೈಯಲ್ಲಿ ಹತ್ತು ಹದಿನಾಲ್ಕು ದಿನ ಬೆಳೆದು, ಇನ್ನೊಬ್ಬರನ್ನು ಕಚ್ಚಿದಾಗ ಅವರಿಗೆ ದಾಟುತ್ತವೆ.

ರಕ್ತದಲ್ಲಿ ಈ ಮರಿಗಳಿದ್ದವರು ಬಹುಮಟ್ಟಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಕಾಲು ಬಾತವರ ರಕ್ತದಲ್ಲಿ ಮರಿಗಳು ಸಾಮಾನ್ಯವಾಗಿ ಸಿಗುವುದೇ ಇಲ್ಲ. ಊರಲ್ಲಿ ಬೇನೆ ಹರಡುವುದು ನೆಟ್ಟನೆಯ ಕಾಲಿನವರಿಂದ, ಅವರಿಗೇ ಗೊತ್ತಿಲ್ಲದೆ. ಗುಳಿಗೆ ಅವರಿಗಾಗಿ.

1872ರಲ್ಲಿ ಕಲಕತ್ತೆಯಲ್ಲಿ ತಿಮೋತಿ ಲೂಯಿಸ್ ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ಕಂಡ. ಐದು ವರ್ಷದ ಮೇಲೆ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯೊಳಗೆ ಬೆಳೆಯುವುದನ್ನು ಕಂಡ. ಸೊಳ್ಳೆಗೂ ಮನುಷ್ಯನ ಕಾಯಿಲೆಗೂ ಗಂಟು ಮೊದಲು ಬಿಡಿಸಿದ್ದು ಈ ಹುಳವೇ. ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಅದಾಗಿ ಇಪ್ಪತ್ತು ವರ್ಷಕ್ಕೆ, 1897ರಲ್ಲಿ. ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೆ. ಜೀವಂತ ಮೈಕ್ರೋಫೈಲೇರಿಯಾವನ್ನು ನಾನೇ ನೋಡಿರಲಿಲ್ಲ. ನಮ್ಮ ಲ್ಯಾಬಿನಲ್ಲಿದ್ದದ್ದು ಬಣ್ಣ ಹಾರಿದ ಒಂದು ಹಳೇ ಸ್ಲೈಡು.

ತಾಲ್ಲೂಕಿನ ಆರೋಗ್ಯ ಸಿಬ್ಬಂದಿಯನ್ನು ಕೇಳಿಕೊಂಡೆವು. ರಾತ್ರಿ ರಕ್ತಲೇಪನಕ್ಕೆ ಲ್ಯಾಬ್ ಟೆಕ್ನಿಷಿಯನ್ ಬರಲು ಒಪ್ಪಿದರು. ಕಾಲೇಜಿನ ಕನ್ನಡಿ ಇರುವ ಹಳೇ ಸೂಕ್ಷ್ಮದರ್ಶಕ ನಮ್ಮ ಜೊತೆಗಿತ್ತು. ಆ ರಾತ್ರಿ ಕರೆಂಟ್ ಹೋಗಿತ್ತು, ಕನ್ನಡಿಗೆ ಬ್ಯಾಟರಿ ಹಿಡಿದೆವು.

ಒಂದು ಎಚ್ಚರ ವಹಿಸಿದ್ದೆವು, ಇದನ್ನು ಬೇರೆಯವರೂ ಪಾಲಿಸಬೇಕೆಂದು ಬರೆಯುತ್ತಿದ್ದೇನೆ. ಒಪ್ಪಿದವರ ಬೆರಳಿನಿಂದ ಟೆಕ್ನಿಷಿಯನ್ ಒಬ್ಬೊಬ್ಬರನ್ನೇ ಒಳಗೆ ಕರೆದು ರಕ್ತ ತೆಗೆದರು. ಸ್ಲೈಡಿಗೆ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಅವರ ಬಳಿ ಮಾತ್ರ. ಎಲ್ಲರದೂ ಮುಗಿದಮೇಲೆ ಹಸಿ ಹನಿಗಳನ್ನು ಸಲೈನಿನಲ್ಲಿ ಕಲಸಿ ಒಂದೊಂದಾಗಿ ನೋಡಲು ಕೂತೆವು.

ಮೊದಲಿನವುಗಳಲ್ಲಿ ಏನೂ ಇರಲಿಲ್ಲ. ತಿಳಿಗೆಂಪು ಕಣಗಳು ಕಾಳಿನ ರಾಶಿಯಂತೆ ಸುಮ್ಮನೆ ಬಿದ್ದಿದ್ದವು. ಆಮೇಲೆ ಒಂದು ಸ್ಲೈಡಿನಲ್ಲಿ ರಾಶಿ ಅಲುಗಿತು. ಹುಳ ಮೊದಲು ಕಣ್ಣಿಗೆ ಬೀಳಲಿಲ್ಲ, ಅದು ತಳ್ಳುತ್ತಿದ್ದ ಕಣಗಳು ಬಿದ್ದವು. ತೊಗರಿ ರಾಶಿಯೊಳಗೆ ಹಾವಿನ ಮರಿ ನುಗ್ಗಿದರೆ ಕಾಳು ಎರಡೂ ಬದಿಗೆ ಸರಿಯುವಂತೆ ಕಣಗಳು ಸರಿದು, ಮತ್ತೆ ಕೂಡಿ, ಮತ್ತೆ ಸರಿದವು. ನಡುವೆ ಗಾಜಿನ ಎಳೆಯಂಥದ್ದು ಸುತ್ತಿಕೊಂಡು, ಬಿಚ್ಚಿಕೊಂಡು, ಚಾಟಿಯಂತೆ ಬಡಿದುಕೊಳ್ಳುತ್ತಿತ್ತು. ನನ್ನ ಕೈ ನಡುಗಿತು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಗೆರೆ ಜೀವ ತಳೆದು ಕಣ್ಣ ಮುಂದಿತ್ತು, ಅದೂ ಈ ಊರಿನ ಯಾರದೋ ಮೈಯಲ್ಲಿ.

ಜನ ಸಾಲಾಗಿ ಬಂದು ನೋಡಿದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ಬಗ್ಗಿದರು. ಮಕ್ಕಳನ್ನು ಎತ್ತಿ ಹಿಡಿದು ತೋರಿಸಿದರು. ಮುತ್ಯಾ ಬಹಳ ಹೊತ್ತು ಕಣ್ಣಿಟ್ಟು ಕೂತಿದ್ದು ತಲೆ ಎತ್ತಿ ಕೇಳಿದರು, "ಯಾರದಿದು ರಕ್ತ?"

"ನನಗೂ ಗೊತ್ತಿಲ್ರೀ ಮುತ್ಯಾ. ಗೊತ್ತಿದ್ರೂ ಹೇಳಂಗಿಲ್ಲ. ಇಷ್ಟು ಹೇಳ್ತೀನಿ: ಈಗ ರಕ್ತ ಕೊಟ್ಟವರೊಳಗ ಕಾಲು ಬಾತವರು ಒಬ್ಬರೂ ಇಲ್ಲ."

ಅಂಗಳ ಸುಮ್ಮನಾಯಿತು. ಜನ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ನೆಟ್ಟನೆಯ ಕಾಲುಗಳು. ಮುತ್ಯಾ ತಮ್ಮ ಕಾಲನ್ನೇ ನೋಡಿಕೊಂಡು, "ಹಂಗಾರ ನಂದೂ ಇರಬಹುದು" ಅಂದರು.

ಅಲ್ಲೇ ನಮ್ಮ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯನ್ನೂ ಬರೆದುಬಿಡುತ್ತೇನೆ, ತರಗತಿಯಲ್ಲಿ ಅಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. "ಮೇಡಂ, ನಮ್ಮಪ್ಪ ಸಿಮೆಂಟ್ ಫ್ಯಾಕ್ಟರಿಯೊಳಗ ರಾತ್ರಿ ಪಾಳಿ ಮಾಡ್ತಾನ, ಹಗಲ ಮಲಗ್ತಾನ. ಅಂಥವರ ರಕ್ತದಾಗ ಈ ಹುಳ ಯಾವಾಗ ಬರ್ತಾವ್ರಿ?" ಇದನ್ನು 1881ರಲ್ಲೇ ಲಂಡನ್ನಿನಲ್ಲಿ ಸ್ಟೀಫನ್ ಮೆಕೆಂಜಿ ಪರೀಕ್ಷಿಸಿದ್ದ. ರೋಗಿಯೊಬ್ಬನನ್ನು ಹಗಲು ಮಲಗಿಸಿ ರಾತ್ರಿ ಎಚ್ಚರವಾಗಿಟ್ಟಾಗ ಕೆಲವು ದಿನಗಳಲ್ಲಿ ಮರಿಗಳೂ ಹಗಲು ರಕ್ತಕ್ಕೆ ಬರತೊಡಗಿದವು. ಹುಳ ಗಡಿಯಾರ ನೋಡುವುದಿಲ್ಲ, ನಮ್ಮ ನಿದ್ದೆ ನೋಡುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆ ಪಾಳಿ ದುಡಿಯುವ ಮನೆ ಎಷ್ಟಿವೆ! ಆ ಹುಡುಗನ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ, ಮನೆಯಿಂದ ಹುಟ್ಟಿದ್ದು.

ಅಮಾಸಿ

ನಂಬಿಕೆ ಬಂತು, ಕೂಲಿಯ ಪ್ರಶ್ನೆ ಹಾಗೇ ಇತ್ತು. ಅದನ್ನು ಬಿಡಿಸಿದ್ದು ಪುಡಿಕೆ ತೋರಿಸಿದ ಅದೇ ಆಯಿ.

ಮರುದಿನ ಅವರ ಪಡಸಾಲೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ ಕೂತಾಗ ಅವರು ಹೇಳಿದರು: "ಅಮಾಸಿ ಹಿಂದಿನ ರಾತ್ರಿ ಕೊಡ್ರಿ. ಹೊಟ್ಟಿ ತುಂಬ ಉಂಡು ನುಂಗಿ ಮಲಗ್ತೀವಿ. ಅಮಾಸಿ ದಿನ ಯಾರೂ ಎತ್ತು ಹೂಡಂಗಿಲ್ಲ, ಹೊಲಕ್ಕ ಹೋಗಂಗಿಲ್ಲ. ಚಕ್ಕರ್ ಬಂದ್ರ ಮನ್ಯಾಗ ಬರ್ಲಿ."

ಇಷ್ಟು ಸರಳ ಮಾತು ನಮ್ಮ ಯಾವ ಯೋಜನೆಯಲ್ಲೂ ಇರಲಿಲ್ಲ. ಈ ಸೀಮೆಯಲ್ಲಿ ಬೆಳೆದವಳು ನಾನು. ನನ್ನ ತವರಲ್ಲೂ ಅಮಾಸಿಗೆ ಎತ್ತಿನ ಮೇಲೆ ನೊಗ ಇಡುವುದಿಲ್ಲ. ಆದರೂ ಅದು ನನಗೆ ಹೊಳೆಯಲಿಲ್ಲ. ಅಂಗೈಯಲ್ಲಿ ಗುಳಿಗೆ ಹಿಡಿದವಳಿಗೆ ಮಾತ್ರ ಹೊಳೆಯಿತು.

ದೀಪಾವಳಿ ಮುಗಿದಿತ್ತು. ಮುಂದೆ ಬರುವುದು ಛಟ್ಟಿ ಅಮಾಸಿ. ಬಿಟ್ಟುಹೋದವರಿಗೆ ಕೊಡುವ ಉಳಿಕೆ ಸುತ್ತನ್ನು ಆ ಹಿಂದಿನ ಸಂಜೆಗೆ ಇಟ್ಟುಕೊಳ್ಳಲು ಆರೋಗ್ಯದವರು ಒಪ್ಪಿದರು. ಗೂಡಿನ ಹಳೇ ಗುಳಿಗೆಗಳನ್ನು ವಾಪಸು ಪಡೆದು ಹೊಸವು ತಂದರು. ಶಿಬಿರ ಮುಗಿದಿದ್ದರೂ ಹನ್ನೆರಡು ವಿದ್ಯಾರ್ಥಿಗಳು ನನ್ನೊಂದಿಗೆ ಮತ್ತೆ ಬಂದರು. ಏಳು ಗಂಟೆಗೆ ಶುರುಮಾಡಿ ಹತ್ತರವರೆಗೆ ಓಣಿ ಓಣಿ ತಿರುಗಿದೆವು. ಊಟವಾಯಿತೇ ಎಂದು ಮೊದಲು ಕೇಳುವುದು. ಆಗಿಲ್ಲವೆಂದರೆ ಅಲ್ಲೇ ಕೂರುವುದು. ಕಣ್ಣೆದುರು ನೀರು ಕುಡಿಸುವುದು. ಪಟ್ಟಿಯಲ್ಲಿ ವಿದ್ಯಾರ್ಥಿಗಳು ಸ್ಕೇಲಿನಿಂದ ಇನ್ನೊಂದು ಖಾನೆ ಎಳೆದಿದ್ದರು: ಕೊಟ್ಟದ್ದು ಒಂದು, ನುಂಗಿದ್ದು ಒಂದು. ಎರಡನೇ ಖಾನೆಗೆ ಗುರುತು ಹಾಕುವವರು ಬಾಯಿ ತೆರೆದು ನೋಡಿದ ಮೇಲೆಯೇ ಹಾಕಬೇಕು.

ಬಹಳ ಮನೆಗಳು ನುಂಗಿದವು. ಮೂರು ಮನೆ ಕೊನೆಯವರೆಗೂ ಒಲ್ಲೆ ಎಂದವು. ಅವರನ್ನು ಒತ್ತಾಯಿಸಲಿಲ್ಲ.

ನಮ್ಮ ದೊಡ್ಡ ತಪ್ಪು ಮರುದಿನ ಗೊತ್ತಾಯಿತು. ಗುಳಿಗೆ ಕೊಡುವಾಗ ನಾವು ಧೈರ್ಯ ತುಂಬಲು ಒಂದು ಮಾತು ಹೇಳುತ್ತ ಹೋಗಿದ್ದೆವು: "ಜ್ವರ ಬಂದ್ರ ಹೆದರಬ್ಯಾಡ್ರಿ, ಒಳಗಿನ ಹುಳ ಸಾಯಲಿಕತ್ತಾವ ಅಂತ ತಿಳೀರಿ." ಶಾಸ್ತ್ರದ ಪ್ರಕಾರ ಮಾತು ಸರಿ, ಮರಿಗಳು ಒಮ್ಮೆಲೇ ಸತ್ತಾಗ ಮೈ ಬಿಸಿಯಾಗುತ್ತದೆ, ತಲೆ ನೋಯುತ್ತದೆ. ಅದು ಊರಲ್ಲಿ ಏನಾಗುತ್ತದೆಂದು ಯೋಚಿಸಿರಲಿಲ್ಲ. ಅಮಾಸಿಯ ಬೆಳಿಗ್ಗೆ ಜ್ವರ ಬಂದವರಲ್ಲಿ ಆ ವರ್ಷವೇ ಮದುವೆಯಾಗಿ ಬಂದ ಸೊಸೆಯೊಬ್ಬಳಿದ್ದಳು. ಮಧ್ಯಾಹ್ನದೊಳಗೆ ಬಾವಿಕಟ್ಟೆಯಲ್ಲಿ "ಆಕಿ ಮೈಯಾಗ ಹುಳ ಅವಂತ" ಎಂಬ ಗುಸುಗುಸು. ಸ್ಲೈಡಿನ ಗುಟ್ಟು ಅಷ್ಟು ಜೋಪಾನ ಮಾಡಿದ ನಾವು, ಜ್ವರದ ಮೂಲಕ ಅದೇ ಗುಟ್ಟನ್ನು ಓಣಿಗೆ ಹಾಕಿಬಿಟ್ಟಿದ್ದೆವು.

ಸುದ್ದಿ ಕೇಳಿ ಅದೇ ಸಂಜೆ ವೈದ್ಯಾಧಿಕಾರಿಯೊಂದಿಗೆ ಊರಿಗೆ ಬಂದೆ. ಜ್ವರ, ತಲೆಸುತ್ತು ಹುಳವಿಲ್ಲದವರಿಗೂ ಬರಬಹುದು. ಮುಟ್ಟುವುದರಿಂದ, ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಗಂಡಹೆಂಡಿರ ಬಾಳುವೆಯಿಂದ ಈ ಬೇನೆ ಬರುವುದಿಲ್ಲ. ಇದ್ದರೂ ಊರಿನ ಸೊಳ್ಳೆಯಿಂದ ಬಂದದ್ದು, ಗುಳಿಗೆಯಿಂದ ಹೋಗುವಂಥದ್ದು. ಮನೆಮನೆಗೆ ಹೋಗಿ ಹೇಳಿದೆವು. ಆದರೆ ಬಾವಿಕಟ್ಟೆಯ ಮಾತನ್ನು ಬಾವಿಕಟ್ಟೆಯಲ್ಲೇ ನಿಲ್ಲಿಸಿದ್ದು ನಾವಲ್ಲ. ಆಯಿ ಅಲ್ಲಿ ಹೋಗಿ ಕೂತು ಗಟ್ಟಿಯಾಗಿ, "ನನಗೂ ಜರ ಬಂದಿತ್ತು ರಾತ್ರಿ. ಏನ್ ಮಾಡ್ತೀರಿ, ನನ್ನೂ ತವರಿಗೆ ಕಳಸ್ತೀರೇನು?" ಅಂದರಂತೆ. ಜ್ವರ ಖರೇ ಬಂದಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ರಕ್ತದಲ್ಲಿ ಹುಳ ಸಿಕ್ಕವನಿಗೆ ಟೆಕ್ನಿಷಿಯನ್ ಮೂಲಕ ಗುಟ್ಟಾಗಿ ತಿಳಿಸಿ, ದವಾಖಾನಿಯಿಂದ ಹನ್ನೆರಡು ದಿನದ ಡಿಇಸಿ ಕೊಡಿಸಲಾಯಿತು. ಅವನು ಯಾರೆಂದು ಊರಿಗೆ ಇಂದಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಗಟಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊದಲ ದಿನ ಸಲಿಕೆ ಹಿಡಿದು ತೆಗೆದ ಗಟಾರ ಅಮಾಸಿಗೆ ಬರುವಷ್ಟರಲ್ಲಿ ಮೊದಲಿನಂತೆಯೇ ಇತ್ತು. ಬೆಚ್ಚಗಿನ ದಿನಗಳಲ್ಲಿ ಕ್ಯೂಲೆಕ್ಸ್ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಕೊನೆಯಲ್ಲಿ ಇಳಿಜಾರಿಲ್ಲದೆ ನೀರು ನಿಲ್ಲುವ ಕಡೆ ಪಂಚಾಯಿತಿಯವರು ಇಂಗುಗುಂಡಿ ತೋಡಿಸಿದ್ದು, ಶೌಚಗುಂಡಿಯ ಪೈಪುಗಳ ಬಾಯಿಗೆ ಜಾಳಿಗೆ ಕಟ್ಟಿದ್ದು, ಇವೆರಡು ಉಳಿದವು. ಶ್ರಮದಾನದ ಫೋಟೋ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಉಳಿಯಿತು.

ಬಚ್ಚಲ ಕಲ್ಲಿನ ಮೇಲೆ

ಅಮಾಸಿಯ ರಾತ್ರಿ ಆ ಹಿಂದಿನ ಬೆಂಚಿನ ಹುಡುಗಿ ನನ್ನ ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದಳು. ಶಿಬಿರದ ಏಳೂ ದಿನ ಒಂದಲ್ಲ ಒಂದು ನೆವ ಹೇಳಿ ಆ ಓಣಿ ತಪ್ಪಿಸಿದ್ದಳು. ಒಳಮನೆಯಲ್ಲಿ ಅವಳ ಅವ್ವ ಕೂತಿದ್ದರು, ಸೀರೆ ನೆಲಕ್ಕೆ ತಾಗುವಂತೆ ಇಳಿಬಿಟ್ಟುಕೊಂಡು. ಎಡಗಾಲು ಮೊಣಕಾಲಿನ ಕೆಳಗೆ ಕಂಬದಂತಾಗಿತ್ತು. ಅಕ್ಕನ ಮದುವೆಯ ಮಾತು ನಡೆದಿತ್ತು, ಅದಕ್ಕೇ "ನಮ್ಮೂರು ಬ್ಯಾಡ್ರಿ" ಅಂದಿದ್ದಳು. ನನ್ನ ಮೇಜಿನ ಮೇಲೆ ಅವಳ ರೆಕಾರ್ಡ್ ಪುಸ್ತಕವಿತ್ತು. ಅದರಲ್ಲಿ ವುಚೆರೇರಿಯಾದ ಜೀವನಚಕ್ರವನ್ನು ಒಂದೂ ತಪ್ಪಿಲ್ಲದೆ ಬರೆದಿದ್ದಳು. ನಾನು ಪೂರ್ಣ ಅಂಕ ಕೊಟ್ಟು ಸಹಿ ಮಾಡಿದ್ದೆ.

ಆ ಅವ್ವನಿಗೆ ಗುಳಿಗೆಯಿಂದ ಕಾಲು ಇಳಿಯುವುದಿಲ್ಲ. ನಾಳ ಕೆಟ್ಟು ಹೋಗಿರುತ್ತದೆ. ಅವರನ್ನು ಹಣ್ಣು ಮಾಡುತ್ತಿದ್ದದ್ದು ತಿಂಗಳೆರಡು ತಿಂಗಳಿಗೊಮ್ಮೆ ಬರುವ ಚಳಿಜ್ವರ. ಕಾಲು ಕೆಂಪಾಗಿ, ಬೆಂಕಿಯಂತೆ ಉರಿದು, ಮೂರು ನಾಲ್ಕು ದಿನ ಏಳಲಾಗುವುದಿಲ್ಲ. ಪ್ರತಿ ಸಲ ಬಂದುಹೋದಾಗಲೂ ಬಾವು ಒಂದಿಷ್ಟು ಗಟ್ಟಿಯಾಗಿ ಉಳಿಯುತ್ತದೆ. ಅದು ಬರುವುದು ಹುಳದಿಂದಲ್ಲ, ಬೆರಳ ಸಂದಿನ ಬಿರುಕಿನಿಂದ ಒಳಹೋಗುವ ಬ್ಯಾಕ್ಟೀರಿಯಾದಿಂದ. ಅದನ್ನು ತಡೆಯಲು ಸಾಬೂನು, ನೀರು, ಬಟ್ಟೆ ಸಾಕು.

ಮುಂದಿನ ವಾರ ಆರೋಗ್ಯ ಕೇಂದ್ರದ ಸಿಸ್ಟರ್ ಜೊತೆ ಹೋದೆ. ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಸ್ಟೂಲು ಇಟ್ಟು ಅವ್ವನನ್ನು ಕೂರಿಸಿದರು. ಒಂದು ಬೋಗುಣಿಯಲ್ಲಿ ತಣ್ಣೀರು, ಸಾದಾ ಸಾಬೂನು, ಹಳೇ ಸೀರೆಯ ಮೆತ್ತನೆ ತುಂಡು. ಸಾಬೂನನ್ನು ಕೈಯಲ್ಲಿ ನೊರೆ ಮಾಡಿಕೊಂಡು ಮೊಣಕಾಲಿನಿಂದ ಕೆಳಗೆ, ತಿಕ್ಕದೆ, ಮಡಿಕೆಗಳ ಒಳಗೆಲ್ಲ ಬೆರಳು ಹಾಯಿಸಿದರು. ಕಾಲ್ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಸಿಸ್ಟರ್ ಅವನ್ನು ಒಂದೊಂದಾಗಿ ಬಿಡಿಸಿದಾಗ ಸಂದಿನ ಚರ್ಮ ಬೆಳ್ಳಗೆ ನೆನೆದು, ನಡುವೆ ಕೆಂಪು ಗೆರೆಯಂಥ ಬಿರುಕು ಕಂಡಿತು. ಅವ್ವ ಹಲ್ಲು ಕಚ್ಚಿದರು. ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಪ್ರತಿ ಸಂದಿನೊಳಗೂ ಬಟ್ಟೆಯ ತುದಿ ಸೇರಿಸಿ ಒಣಗಿಸಿದರು. ಆಮೇಲೆ ಡಾಕ್ಟರು ಬರೆದ ಮುಲಾಮು. ರಾತ್ರಿ ಕಾಲ ಕೆಳಗೆ ದಿಂಬು. ಹೊರಗೆ ಹೋಗುವಾಗ ಕಾಲಿಗೆ ಬಿಗಿಯಾಗದ ಚಪ್ಪಲಿ.

"ಇಷ್ಟ ಏನ್ರೀ?" ಅಂದರು ಅವ್ವ. "ಹದಿನಾಕು ವರ್ಷ ಆತು. ಈ ಕಾಲು ಯಾರೂ ಮುಟ್ಟಿದ್ದಿಲ್ಲ."

ಮಗಳು ನೆಲದ ಮೇಲೆ ಕೂತು, ಎರಡನೇ ಸಲ ತಾನೇ ತೊಳೆದಳು.

ಮರುವರ್ಷದಿಂದ ನನ್ನ ಪಾಠ ಬೇರೆಯಾಯಿತು. ವುಚೆರೇರಿಯಾ ಬಂದಾಗ ಬೋರ್ಡಿಗೆ ಹೋಗುವ ಮೊದಲು ಹಾಸ್ಟೆಲ್ ಹಿಂದಿನ ಗಟಾರದಿಂದ ಒಂದು ಬಾಟಲಿ ನೀರು ತರಿಸುತ್ತೇನೆ. ತಲೆ ಕೆಳಗಾಗಿ ಓರೆಯಾಗಿ ತೂಗುವುದು ಕ್ಯೂಲೆಕ್ಸ್ ಮರಿ, ನೀರಿನ ಮೇಲ್ಮೈಗೆ ಸಮನಾಗಿ ಮಲಗುವುದು ಅನಾಫಿಲೀಸ್. ಗಟಾರದ ಬಾಟಲಿಯಲ್ಲಿ ಹೆಚ್ಚಾಗಿ ಮೊದಲನೆಯದೇ. ಆಮೇಲೆ, ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ತರಗತಿಯಲ್ಲಿ ಕೇಳುವುದಿಲ್ಲ. ಕಾಲು ತೊಳೆಯುವ ವಿಧಾನವನ್ನು ಎಲ್ಲರಿಗೂ ಮಾಡಿ ತೋರಿಸುತ್ತೇನೆ. ಬೇಕಾದವರು ಸುಮ್ಮನೆ ಮನೆಗೆ ಒಯ್ಯುತ್ತಾರೆ. ಪ್ರಾಯೋಗಿಕ ಅವಧಿಯಲ್ಲಿ ಇದಕ್ಕೇಕೆ ಸಮಯ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಹೇಳುವವರು ಇದನ್ನು ಹೇಳದಿದ್ದರೆ ಇನ್ಯಾರು ಹೇಳಬೇಕು ಎಂಬುದು ನನ್ನ ಉತ್ತರ.

ಆ ಮರುವರ್ಷದ ಗುಳಿಗೆಯ ದಿನ ಹುಣ್ಣಿಮೆಯ ಹತ್ತಿರ ಬಿತ್ತು. ಹಗಲು ಹತ್ತು ಗಂಟೆಯ ಹಂಚಿಕೆ, ಹೊಲದಲ್ಲಿ ಹತ್ತಿ. ದಿನಾಂಕ ಬದಲಿಸಲು ನಮಗೆ ಆಗಲಿಲ್ಲ, ಉಳಿಕೆ ಸುತ್ತಿಗೂ ಒಪ್ಪಿಗೆ ಬೇಗ ಸಿಗಲಿಲ್ಲ. ಕಾಯುತ್ತಿದ್ದಾಗ ಊರಿನಿಂದ ಆ ಹುಡುಗಿಯ ಕೈಯಲ್ಲಿ ಒಂದು ಪುಡಿಕೆ ಬಂತು. ಕ್ಯಾಲೆಂಡರ್ ಹಾಳೆಯದ್ದೇ. ಆಯಿ ಕಳಿಸಿದ್ದರು. ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. ಹಾಳೆಯಲ್ಲಿ ಮುಂದಿನ ಅಮಾಸಿಯ ಹಿಂದಿನ ದಿನಕ್ಕೆ ಯಾರೋ ಪೆನ್ಸಿಲಿನಿಂದ ಸುತ್ತು ಹಾಕಿದ್ದರು.